ಗಣಿಬಾಗಿಲಿನ ಕಲೂಜಾ

ನೆತ್ತಿಯ ಮೇಲೆ ಆಕಾಶವಲ್ಲದೆ ಬೇರೇನೂ ಇಲ್ಲದ ಬಯಲಿನಲ್ಲಿಯೂ ಹೆರಿಬರ್ಟ್ ಕಲೂಜಾ ತಲೆ ತಗ್ಗಿಸಿಯೇ ನಡೆಯುತ್ತಿದ್ದರು. ಅದು ವಿನಯವಲ್ಲ, ವಿನಯಕ್ಕೂ ಅವರಿಗೂ ಅಷ್ಟಕ್ಕಷ್ಟೆ. ಹದಿನಾಲ್ಕನೆಯ ವಯಸ್ಸಿಗೆ ಸಂತ ಆಗಾಥಾ ಕಲ್ಲಿದ್ದಲ ಗಣಿಗೆ ಇಳಿದು, ಹನ್ನೆರಡು ವರ್ಷ ಸೊಂಟದೆತ್ತರದ ಸುರಂಗಗಳಲ್ಲಿ ತೆವಳಿದ ಆ ದೇಹಕ್ಕೆ, ಮೇಲೆ ಎಲ್ಲೋ ಒಂದು ಬಂಡೆ ಇದ್ದೇ ಇರುತ್ತದೆಂಬ ನಂಬಿಕೆ ಮೂಳೆಗಿಳಿದುಬಿಟ್ಟಿತ್ತು. ಇಗರ್ಜಿಯ ಎತ್ತರದ ಕಮಾನಿನ ಕೆಳಗೆ, ಫುಟ್‌ಬಾಲ್ ಮೈದಾನದ ಮೆಟ್ಟಿಲುಗಳ ಮೇಲೆ, ಸ್ಮಶಾನದ ಪಾಪ್ಲರ್ ಮರಗಳ ನಡುವೆ, ಎಲ್ಲಿ ಹೋದರೂ ಅದೇ ಬಾಗಿದ ಕತ್ತು, ಅದೇ ಎಚ್ಚರದ ಹೆಜ್ಜೆ. ಬಲಗಾಲು ಮೊದಲು ನೆಲವನ್ನು ಮುಟ್ಟಿ ವಿಚಾರಿಸಿಕೊಂಡು ಬಂದ ಮೇಲೆಯೇ ಎಡಗಾಲು ಹೊರಡುವುದು. ಆದರೆ ಹಾಗೆ ಬಾಗಿ ನಡೆದ ಆ ಮನುಷ್ಯನ ಮಾತಿನಲ್ಲಿ ಬಾಗು ಎಂಬುದು ಎಳ್ಳಷ್ಟೂ ಇರಲಿಲ್ಲ. ಜರ್ಮನಿಯ ರೂರ್ ಸೀಮೆಯ ನಮ್ಮ ಹೊರ್ಸ್ಟ್‌ಕಾಂಪ್ ಊರಿನಲ್ಲಿ ಮೇಯರಿಗೂ ಪಾದ್ರಿಗೂ ಪೋಲೀಸರಿಗೂ ಒಂದೇ ಸಂಬೋಧನೆಯಿಂದ ಮಾತು ಆರಂಭಿಸುತ್ತಿದ್ದವರು ಅವರೊಬ್ಬರೇ: "ಕೇಳಿಲ್ಲಿ."

ಗಣಿಯ ಹೆಬ್ಬಾಗಿಲಿಗೆ ಎದುರಾಗಿ, ಹಸಿರು ಬಣ್ಣದ ಕಿಟಕಿಬಾಗಿಲಿನ ಇಟ್ಟಿಗೆಯ ಪುಟ್ಟ ಗೂಡಂಗಡಿಯೊಂದು ಇತ್ತು. ಕಲೂಜಾ ಅವರ ತಾಯಿ ಮಾರ್ಥಾ ಯುದ್ಧ ಮುಗಿದ ಮರುವರ್ಷವೇ ಅದನ್ನು ಕಟ್ಟಿಸಿದ್ದು; ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಬೆನ್ನುಮೂಳೆಗೆ ಪೆಟ್ಟು ತಿಂದು ಗಣಿ ಬಿಟ್ಟ ಮಗ ಅದರೊಳಗೆ ಹೊಕ್ಕವರು ಅರ್ಧ ಶತಮಾನ ಹೊರಬರಲಿಲ್ಲ. ಒಳಗೆ ಅವರು ತೊಡುತ್ತಿದ್ದುದು ಮೊಣಕಾಲು ಮುಟ್ಟುವ ಬಿಳಿಯ ಕೋಟು. ಹೆಂಡತಿ ಎನ್ನೆ ಅದನ್ನು ಗಂಜಿ ಹಾಕಿ, ಕಾಗದದ ಹಾಗೆ ಗರಿಗರಿಯಾಗಿ ಇಸ್ತ್ರಿ ಮಾಡಿ ಕೊಡುತ್ತಿದ್ದರು. ಕುತ್ತಿಗೆಯ ಗುಂಡಿಯನ್ನು ಬೇಸಿಗೆಯಲ್ಲಿಯೂ ಬಿಚ್ಚಿದವರಲ್ಲ. ಒಮ್ಮೆ ಪರವೂರಿನ ಮುದುಕಿಯೊಬ್ಬಳು ಪಕ್ಕದ ಬೀದಿಯ ವೈದ್ಯರನ್ನು ಹುಡುಕಿಕೊಂಡು ಬಂದವಳು, ಈ ಕೋಟನ್ನು ಕಂಡು, ಕಿಟಕಿಯ ಮುಂದೆ ನಿಂತು ಬಾಯಿ ತೆರೆದು ನಾಲಗೆ ಹೊರಚಾಚಿದಳಂತೆ. ಕಲೂಜಾ ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ನೋಡಿ, "ಕೇಳಿಲ್ಲಿ, ಹಸಿವು ಅಷ್ಟೆ, ಬೇರೇನಿಲ್ಲ" ಎಂದು ಒಂದು ದೊನ್ನೆ ಮುಂದಿಟ್ಟರು. ಮುದುಕಿ ತಿಂದಳು; ಗುಣವಾಯಿತೆಂದೇ ಊರು ಇಂದಿಗೂ ಹೇಳುತ್ತದೆ.

ಆ ದೊನ್ನೆಯಲ್ಲಿದ್ದುದು ಕರಿ ಸಾಸೇಜ್; ಈ 'ಕರಿ' ಬಣ್ಣದ ಹೆಸರಲ್ಲ, ಮಸಾಲೆಪುಡಿಯದು. ಕಾವಲಿಯ ಮೇಲೆ ಕಂದುಬಣ್ಣಕ್ಕೆ ಹುರಿದ, ಕರುಳಿನ ತೊಗಲಿನಲ್ಲಿ ತುಂಬಿದ ಹಂದಿಮಾಂಸದ ಸಾಸೇಜನ್ನು ಓರೆಯಾಗಿ ತುಂಡರಿಸಿ, ಬಿಸಿಬಿಸಿಯಾದ ಟೊಮ್ಯಾಟೊ ಗೊಜ್ಜನ್ನು ಸುರಿದು, ಮೇಲೆ ಹಳದಿ ಮಸಾಲೆಪುಡಿಯನ್ನು ಉದುರಿಸಿದರೆ ಮುಗಿಯಿತು, ಹೇಳುವುದಕ್ಕೆ ಇಷ್ಟೇ. ಕಲೂಜಾ ಅವರ ಕೈಯಲ್ಲಿ ಅದು ಇಷ್ಟೇ ಆಗಿರಲಿಲ್ಲ. ಸಾಸೇಜ್ ಸರಬರಾಜಿನವನು ಒಮ್ಮೆ ಕಾಣಿಕೆಯೆಂದು ವಿದ್ಯುತ್ತಿನ ಕತ್ತರಿಸುವ ಯಂತ್ರವೊಂದನ್ನು ತಂದುಕೊಟ್ಟ. ಸುತ್ತಲಿನ ಅಂಗಡಿಗಳವರೆಲ್ಲ ಅದಕ್ಕೆ ಶರಣಾಗಿದ್ದ ಕಾಲ. ಕಲೂಜಾ ಅದನ್ನು ಒಂದು ದಿನ ನಡೆಸಿ ನೋಡಿ, ಮರುದಿನ ಹಿಂತಿರುಗಿಸಿದರು. "ಚಾಕು ಇಟ್ಟಾಗ ತೊಗಲು ಚಟ್ ಅನ್ಬೇಕು. ಅಂದ್ರೆ ಬೆಂದಿದೆ ಅಂತ. ನಿನ್ನ ಯಂತ್ರಕ್ಕೆ ಕಿವಿ ಎಲ್ಲಿದೆ?" ಎಂದರು. ಖಾರ ಎಷ್ಟಿರಬೇಕೆಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ಬಂದವನ ಮುಖವನ್ನು ಒಂದು ಕ್ಷಣ ದಿಟ್ಟಿಸಿ ತಾವೇ ನಿರ್ಧರಿಸುವರು. ರಾತ್ರಿಪಾಳಿ ಮುಗಿಸಿ ಬಂದವನಿಗೆ ಹೆಚ್ಚು, ಹೆಂಡತಿಯೊಡನೆ ಜಗಳವಾಡಿ ಬಂದವನಿಗೆ ಕಡಿಮೆ. ತವರು ಫುಟ್‌ಬಾಲ್ ತಂಡ ಸೋತ ಶನಿವಾರಗಳಲ್ಲಿ ಊರಿಗೆ ಊರೇ ಕಣ್ಣೀರು ಸುರಿಸುವಷ್ಟು. "ಅಳೋಕ್ಕೆ ಒಂದು ನೆಪ ಬೇಕಲ್ಲ ಗಂಡಸರಿಗೆ" ಎಂಬುದು ಅವರ ಸಮಜಾಯಿಷಿ.

ಈ ತಿಂಡಿ ಎಲ್ಲಿ ಹುಟ್ಟಿತೆಂಬುದು ಜರ್ಮನಿಯಲ್ಲಿ ಸಂಸಾರಗಳನ್ನು ಒಡೆಯಬಲ್ಲ ಪ್ರಶ್ನೆ. ಬರ್ಲಿನ್‌ನವರು ತಮ್ಮದೆನ್ನುತ್ತಾರೆ, ಹ್ಯಾಂಬರ್ಗ್‌ನವರು, ಇಲ್ಲ, ನಮ್ಮ ಬಂದರಿನಲ್ಲಿ ಎನ್ನುತ್ತಾರೆ, ರೂರ್ ಸೀಮೆಯ ನಾವು, ಹುಟ್ಟಿದ್ದು ಎಲ್ಲಾದರಾಗಲಿ, ಅದನ್ನು ಮನುಷ್ಯರು ತಿನ್ನುವ ಹಾಗೆ ಮಾಡಿದವರು ನಾವು ಎನ್ನುತ್ತೇವೆ. ಹ್ಯಾಂಬರ್ಗಿನ ಮಾತೆತ್ತಿದರೆ ಕಲೂಜಾ, "ಬಂದರಲ್ಲಿ ಹುಟ್ಟಿದ್ದಕ್ಕೆಲ್ಲ ಅಪ್ಪ ಯಾರು ಅಂತ ಕೇಳ್ಬಾರ್ದು" ಎಂದು ಅಷ್ಟಕ್ಕೇ ಬಿಡುವರು. ಬರ್ಲಿನ್ ಎಂದರೆ ಮಾತ್ರ ಚಾಕು ಕೆಳಗಿಡುವರು. ಅಲ್ಲಿ ಸಾಸೇಜನ್ನು ತೊಗಲಿಲ್ಲದೆಯೂ ಮಾಡುತ್ತಾರೆಂಬ ಸಂಗತಿಯನ್ನು ಅವರು ಒಂದು ಮಹಾಪರಾಧದ ಹಾಗೆ ನೆನೆಯುತ್ತಿದ್ದರು. ಒಮ್ಮೆ ಬರ್ಲಿನ್ನಿನ ಲಾರಿ ಚಾಲಕನೊಬ್ಬ ಸರದಿಯಲ್ಲಿ ನಿಂತು, ಪಾಪ, ತನಗೆ ರೂಢಿಯಿದ್ದ ಹಾಗೆ ಕೇಳಿದ:

"ತೊಗಲಿಲ್ಲದ್ದು ಒಂದು ಕೊಡಿ ಯಜಮಾನ್ರೇ."

ಹಿಂದೆ ನಿಂತಿದ್ದ ಹತ್ತು ಮಂದಿ ಉಸಿರು ಬಿಗಿಹಿಡಿದರು.

"ಕೇಳಿಲ್ಲಿ. ಬಟ್ಟೆ ಇಲ್ದೆ ಬೀದೀಗೆ ಬರ್ತೀಯೇನಯ್ಯಾ ನೀನು?"

"ಇಲ್ಲ."

"ಮತ್ತೆ ನನ್ನ ಸಾಸೇಜ್ ಯಾಕೆ ಬರ್ಬೇಕು?"

ಚಾಲಕನೂ ಬಿಡಲಿಲ್ಲ. "ಇದು ನಮ್ಮೂರಲ್ಲೇ ಹುಟ್ಟಿದ್ದು, ಗೊತ್ತೇನ್ರೀ?"

"ಹುಟ್ಟಿರ್ಬಹುದು. ಬುದ್ಧಿ ಬಂದಿದ್ದು ಇಲ್ಲಿ."

ಚಾಲಕ ನಕ್ಕು, ತೊಗಲಿನದನ್ನೇ ತಿಂದು, ಇನ್ನೊಂದನ್ನು ಕಟ್ಟಿಸಿಕೊಂಡು ಹೋದ. ಈ ಬರ್ಲಿನ್ ವೈರ ನಮ್ಮೂರಿನ ಒಂದು ಮನರಂಜನೆಯೇ ಆಗಿತ್ತು; ಅದರ ಬೇರು ಎಲ್ಲಿದೆಯೆಂದು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಕಾವಲಿಗಳು ಎರಡಿದ್ದವು ಎಂಬುದನ್ನೂ ಹೇಳಬೇಕು. ಅರವತ್ತರ ದಶಕದಲ್ಲಿ ತುರ್ಕಿಯಿಂದ ಗಣಿಕೆಲಸಕ್ಕೆ ಬಂದವರಲ್ಲಿ ದುರ್ಸುನ್ ಎಂಬಾತ, ತಿಂಗಳುಗಟ್ಟಲೆ ಪ್ರತಿದಿನ ಸಂಗಡಿಗರೊಡನೆ ಕಿಟಕಿಯವರೆಗೆ ಬಂದು, ಬರಿಯ ಬ್ರೆಡ್ಡನ್ನು ಕೊಂಡು, ಅವರ ಪಕ್ಕದಲ್ಲಿ ನಿಂತು ತಿಂದು ಹೋಗುತ್ತಿದ್ದ. ಹಂದಿಮಾಂಸ ಅವನಿಗೆ ನಿಷಿದ್ಧವೆಂದು ತಿಳಿದ ವಾರದಲ್ಲಿಯೇ ಕಲೂಜಾ ಎಡಗಡೆಗೆ ಹೊಸ ಕಾವಲಿ ಹಾಕಿಸಿ, ಬೇರೆ ಚಾಕು, ಬೇರೆ ಇಕ್ಕಳ ತಂದು, ದನದ ಮಾಂಸದ ಸಾಸೇಜನ್ನು ಹೇಳಿಮಾಡಿಸಿದರು. ದುರ್ಸುನ್ ಮೊದಲು ನಂಬಲಿಲ್ಲ. "ಎರಡು ಕಾವಲಿ ಮಧ್ಯೆ ಎಣ್ಣೆ ಸಿಡಿದ್ರೆ?" ಎಂದು ಕೇಳಿದನಂತೆ. ಮರುದಿನ ಎರಡರ ನಡುವೆ ಮೊಳದೆತ್ತರದ ತಗಡಿನ ಗೋಡೆ ಎದ್ದಿತ್ತು. "ಬರ್ಲಿನ್ನಲ್ಲಿ ಕಟ್ಟಿರೋ ಗೋಡೆಗಿಂತ ಇದಕ್ಕೆ ಅರ್ಥ ಇದೆ, ತಿನ್ನು" ಎಂದರು ಕಲೂಜಾ. ಅಂದಿನಿಂದ ದುರ್ಸುನ್ ಅವರ ಕುಂಪೆಲ್. ಎಂದರೆ ಗಣಿಯ ಭಾಷೆಯಲ್ಲಿ, ಕತ್ತಲೆಯಲ್ಲಿ ಬೆನ್ನು ಒಪ್ಪಿಸಿ ಕೆಲಸ ಮಾಡಬಹುದಾದ ಗೆಳೆಯ.

ತೊಂಬತ್ಮೂರರಲ್ಲಿ ಗಣಿ ಮುಚ್ಚಿತು. ಗೂಡಂಗಡಿ ಉಳಿಯಿತು. ಮೂರು ಪಾಳಿಯ ಜನ ಹೋದರೂ, ಅವರ ಮಕ್ಕಳು ಎಲ್ಲೆಲ್ಲಿಂದಲೋ ಕಾರಿನಲ್ಲಿ ಬಂದು ಸಾಲುಗಟ್ಟಿದರು. ಆದರೆ ಎರಡು ಸಾವಿರದ ನಾಲ್ಕರಲ್ಲಿ ಹೊಸ ವೃತ್ತಾಕಾರದ ಕೂಡುರಸ್ತೆಯ ನಕ್ಷೆ ಹೊರಬಿದ್ದಾಗ, ಅದರ ನಟ್ಟನಡುವೆ ಕಲೂಜಾ ಅವರ ಕಾವಲಿ ಇತ್ತು. ಊರು ಕೊತಕೊತ ಕುದಿಯಿತು. ಆಗ ಮುಂದೆ ಬಂದವರು ಊರಿನ ಪರಂಪರೆ ಸಂಘದ ಅಧ್ಯಕ್ಷೆ, ಡಾಕ್ಟರ್ ಫೋಸ್‌ಕಾಂಪ್ ಎಂಬ ನಿವೃತ್ತ ಇತಿಹಾಸ ಅಧ್ಯಾಪಕಿ. ಒಳ್ಳೆಯ ಹೆಂಗಸು, ವಾರಕ್ಕೆರಡು ಬಾರಿ ದೊನ್ನೆ ಹಿಡಿದವರು. ಬರ್ಲಿನ್‌ನವರು ಹಿಂದಿನ ವರ್ಷವಷ್ಟೇ, ಕರಿ ಸಾಸೇಜ್ ನಲವತ್ತೊಂಬತ್ತರಲ್ಲಿ ಇಲ್ಲಿ ಹುಟ್ಟಿತೆಂದು ಗೋಡೆಗೊಂದು ಫಲಕ ಜಡಿದಿದ್ದರು. ಅದಕ್ಕೂ ಒಂದು ವರ್ಷ ಮೊದಲೇ ಮಾರ್ಥಾ ಕಲೂಜಾ ಇದನ್ನು ಮಾರುತ್ತಿದ್ದರೆಂದು ಸಾಬೀತಾದರೆ, ಅಂಗಡಿ ಸಂರಕ್ಷಿತ ಸ್ಮಾರಕವಾಗುತ್ತದೆ, ರಸ್ತೆ ಪಕ್ಕಕ್ಕೆ ಸರಿಯುತ್ತದೆ. ಸಾಕ್ಷಿ ಬೇಕು, ಅಷ್ಟೆ. ಬದುಕಿರುವ ಸಾಕ್ಷಿ ಒಬ್ಬರೇ.

"ನಿಮ್ಮ ತಾಯಿ ನಲವತ್ತೆಂಟರಲ್ಲಿ ಮಾರ್ತಿದ್ರು ಅಂತ ಒಂದು ಮಾತು ಹೇಳಿ ಸಾಕು, ಕಲೂಜಾ ಅವರೇ" ಎಂದರು ಡಾಕ್ಟರು ಕಿಟಕಿಗೆ ಮೊಣಕೈಯೂರಿ. "ಇಲ್ಲ ಅನ್ನೋರು ಯಾರೂ ಇಲ್ಲ ಈಗ."

"ಅದೇ ನೋಡಿ ಕಷ್ಟ" ಎಂದರು ಕಲೂಜಾ.

ಡಾಕ್ಟರು ಅದನ್ನು ಒಪ್ಪಿಗೆಯೆಂದು ಭಾವಿಸಿ ಹೋದರು. ಆ ವಾರವಿಡೀ ಕಲೂಜಾ ಖಾರದ ಲೆಕ್ಕ ತಪ್ಪಿದರು. ಮದುಮಗಳೊಬ್ಬಳಿಗೆ ರಾತ್ರಿಪಾಳಿಯವನ ಖಾರ ಹಾಕಿ ಕಣ್ಣೀರು ಬರಿಸಿದರು. ಸಾಕ್ಷಿ ಹೇಳುವ ಸಭೆಗೆ ಹೊರಡುವ ದಿನ ಕೋಟಿನ ಕುತ್ತಿಗೆಯ ಗುಂಡಿ ಹಾಕುತ್ತ ಎನ್ನೆ ಕೇಳಿದರು: "ಏನು ಹೇಳ್ತೀಯ?"

"ಗೊತ್ತಿಲ್ಲ ಕಣೆ. ಅಂಗಡಿ ನಮ್ಮಮ್ಮಂದು."

"ಅಂಗಡಿ ನಿಮ್ಮಮ್ಮಂದು. ನಾಲಿಗೆ ಯಾರದ್ದು?" ಎಂದು ಎನ್ನೆ ಕೋಟಿನ ಭುಜ ತಟ್ಟಿ ಕಳಿಸಿದರು.

ನವೆಂಬರಿನ ಭಾನುವಾರದ ಮಧ್ಯಾಹ್ನ, ಇಗರ್ಜಿಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಳೆಯ ಗಣಿಗಾರರು ಬೆಳ್ಳಿಗುಂಡಿಯ ಕಪ್ಪು ಸಮವಸ್ತ್ರ ತೊಟ್ಟು ಬಂದಿದ್ದರು, ತುತ್ತೂರಿಯ ಮೇಳವಿತ್ತು, ಮೇಜುಗಳ ತುಂಬ ಕಾಫಿಯ ಹೂಜಿಗಳು, ಪ್ಲಮ್ ಹಣ್ಣಿನ ಕೇಕುಗಳು. ಜಿಲ್ಲೆಯ ಸ್ಮಾರಕ ಸಮಿತಿಯ ಇಬ್ಬರು ಮುಂದಿನ ಸಾಲಿನಲ್ಲಿ ಕಾಗದ ಹಿಡಿದು ಕುಳಿತಿದ್ದರು. ಡಾಕ್ಟರ್ ಫೋಸ್‌ಕಾಂಪ್ ಅಂಗಡಿಗೆ ಹಾಕಬೇಕೆಂದಿದ್ದ ಫಲಕದ ಒಕ್ಕಣೆಯನ್ನು ಓದಿದಾಗ, ಮಾರ್ಥಾ ಕಲೂಜಾ ಎಂಬ ಹೆಸರು ಬಂದದ್ದೇ ತಡ, ಚಪ್ಪಾಳೆ ಮುಗಿಲು ಮುಟ್ಟಿತು. ಕಲೂಜಾ ತಲೆ ತಗ್ಗಿಸಿಕೊಂಡೇ ವೇದಿಕೆ ಹತ್ತಿದರು.

"ಕೇಳಿಲ್ಲಿ. ನಲವತ್ತೆಂಟರಲ್ಲಿ ನಮ್ಮಮ್ಮ ಮಾರ್ತಿದ್ದಿದ್ದು ಗೆಡ್ಡೆ ಸೂಪು. ಸಾಸೇಜ್ ಸಿಕ್ಕ ದಿನ ಸಾಸೇಜು, ಸಾಸಿವೆ ಜೊತೆ. ಈ ಹಳದಿ ಪುಡೀನ ಅವಳು ಕಣ್ಣಲ್ಲೂ ನೋಡಿರ್ಲಿಲ್ಲ."

ಮುಂದಿನ ಸಾಲಿನ ಲೇಖನಿಗಳು ನಿಂತವು. ಡಾಕ್ಟರು ಬೆಳ್ಳಗಾದರು.

ಮುಂದಿನದನ್ನು ಅವರು ಯಾರ ಮುಖವನ್ನೂ ನೋಡದೆ ಹೇಳಿದರು. ಐವತ್ಮೂರರ ಬೇಸಿಗೆಯಲ್ಲಿ, ಪೂರ್ವ ಬರ್ಲಿನ್ನಿನಲ್ಲಿ ಕೆಲಸಗಾರರ ದಂಗೆಯೆದ್ದು ಅಡಗಿದ ಮೇಲೆ, ಅಲ್ಲಿಂದ ತಪ್ಪಿಸಿಕೊಂಡು ಬಂದ ಲೋಟರ್ ಬೇಂಕೆ ಎಂಬ ಗಾರೆಯವನು ಸಂತ ಆಗಾಥಾ ಗಣಿ ಸೇರಿದ. ವಯಸ್ಸು ಇಪ್ಪತ್ತು. ಬರುವಾಗ ಅವನ ಬಳಿ ಇದ್ದುದು ಎರಡು ಅಂಗಿ, ಮತ್ತು ಪಶ್ಚಿಮ ಬರ್ಲಿನ್ನಿನಲ್ಲಿ ಕೊಂಡ ಒಂದು ಡಬ್ಬಿ ಮಸಾಲೆಪುಡಿ. ಅವನು ಮಾರ್ಥಾ ಅವರ ಕಿಟಕಿಗೆ ಬಂದು, ಸಾಸಿವೆಯನ್ನು ಕಂಡು ಮುಖ ಸಿಂಡರಿಸಿ, "ಅಮ್ಮಾ, ಒಂದ್ಸಲ ನನಗೆ ಬಿಟ್ಕೊಡಿ" ಎಂದು ಒಳಗೇ ನುಗ್ಗಿದ. ಗೊಜ್ಜು ಕುದಿಸಿದ, ಪುಡಿ ಹಾಕಿದ. ಮೊದಲ ತುಂಡನ್ನು ಮಾರ್ಥಾ ಅವರ ಬಾಯಿಗೇ ಇಟ್ಟ. ಅಷ್ಟೇ. ಆ ಗೊಜ್ಜೇ ಇಂದಿಗೂ ಕುದಿಯುತ್ತಿರುವುದು.

"ಐದು ವರ್ಷ ನಾವಿಬ್ರೂ ಒಂದೇ ಸುರಂಗದಲ್ಲಿ ಜೋಡಿ" ಎಂದರು ಕಲೂಜಾ. "ಅವನಿಗೆ ತೊಗಲಿಲ್ಲದ್ದು ಬೇಕು, ನನಗೆ ತೊಗಲಿರೋದು. ಇಡೀ ಪಾಳಿ ಅದೇ ಜಗಳ. ಒಂಬೈನೂರು ಮೀಟರ್ ಕೆಳಗೆ, ಬಾಯಲ್ಲೆಲ್ಲ ಇದ್ದಿಲು, ಆದ್ರೂ ತೊಗಲು, ತೊಗಲು. ಐವತ್ತೆಂಟರ ಫೆಬ್ರವರೀಲಿ ನಾನು ಆಸರೆ ತೊಲೆ ತರೋಕ್ಕೆ ಇಪ್ಪತ್ತು ಹೆಜ್ಜೆ ಆಚೆ ಹೋದೆ. ಮೇಲಿನ ಬಂಡೆ ಬಂತು. ನನಗೆ ಬೆನ್ನಿಗೆ ಬಿತ್ತು. ಅವನಿಗೆ ಪೂರ್ತಿ ಬಿತ್ತು."

ಕಲೂಜಾ ಕೋಟಿನ ಕುತ್ತಿಗೆಯ ಗುಂಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಮುಂದುವರಿಸಿದರು.

"ಬರ್ಲಿನ್‌ನೋರ ಮೇಲೆ ನನಗೇನೋ ದ್ವೇಷ ಅಂತ ನೀವೆಲ್ಲ ನಗ್ತೀರಿ. ಅದು ಅವನ ಜೊತೆ ಶುರುವಾದ ಜಗಳ. ಮುಗೀಲಿಲ್ಲ ಅದು. ಅವನು ಹೋದ ಮೇಲೆ ನಾನೊಬ್ಬನೇ ಆಡ್ಕೊಂಡು ಬಂದೆ. ಈಗ ನಮ್ಮಮ್ಮ ಮೊದಲು ಮಾಡಿದ್ಲು ಅಂತ ಹೇಳ್ಬಿಟ್ರೆ ಲೋಟರ್ ನಮ್ಮೂರಿಗೆ ಬಂದೇ ಇಲ್ಲ ಅಂದಹಾಗೆ ಆಗತ್ತೆ. ಅವನನ್ನ ಎರಡನೇ ಸಲ ಹೂಳೋದು ನನ್ನ ಕೈಲಿ ಆಗಲ್ಲ. ರಸ್ತೆ ಬರ್ಬೇಕಾದ್ರೆ ಬರ್ಲಿ."

ಹಿಂದಿನ ಸಾಲಿನಿಂದ ಯಾರೋ, "ಹಾಗಾದ್ರೆ ಬರ್ಲಿನ್ನಿಗೇ ಹೋಗಿ ಅಂಗಡಿ ಇಡು, ಹೋಗು!" ಎಂದು ಕೂಗಿದ. ಇನ್ನೊಬ್ಬ, "ಒಂದು ಮಾತು ಹೇಳಿದ್ರೆ ನಿಮ್ಮಪ್ಪನ ಗಂಟೇನು ಹೋಗ್ತಿತ್ತು?" ಎಂದ. ಆಗ ಎದ್ದು ನಿಂತವರು ದುರ್ಸುನ್; ಎಪ್ಪತ್ತರ ಹೊಸ್ತಿಲಲ್ಲಿದ್ದ ಅವರೂ ಕಪ್ಪು ಸಮವಸ್ತ್ರದಲ್ಲಿಯೇ ಬಂದಿದ್ದರು. ಭಾಷಣ ಅವರಿಗೆ ಬರುತ್ತಿರಲಿಲ್ಲ. "ಸತ್ತ ಕುಂಪೆಲ್ ಹೆಸರು ಹೇಳಿದ್ದಾರೆ. ಗಣಿಯವರು ಕೂತಿದ್ದೀರಲ್ಲ, ಮರೆತುಬಿಟ್ರಾ?" ಎಂದಷ್ಟೇ ಹೇಳಿ ಟೋಪಿ ತೆಗೆದರು. ಒಬ್ಬೊಬ್ಬರಾಗಿ, ಕುರ್ಚಿಗಳು ಕಿರುಗುಟ್ಟಿದವು. ಸಂಗಾತಿ ಸತ್ತಾಗ ಗಣಿಗಾರರು ನಿಲ್ಲುವ ಹಾಗೆ ಆ ಕಪ್ಪು ಸಮವಸ್ತ್ರಗಳೆಲ್ಲ ಎದ್ದು ನಿಂತವು. ಕೂಗಿದವನೂ ಎದ್ದ. ತುತ್ತೂರಿಯ ಮೇಳದವರು, ಯಾರೂ ಹೇಳದೆಯೇ, ಗಣಿಗಾರರ ಹಳೆಯ ಹಾಡನ್ನು ಎತ್ತಿಕೊಂಡರು.

ಫಲಕ ಬರಲಿಲ್ಲ. ಮಾರ್ಚಿನಲ್ಲಿ ಅಂಗಡಿಯನ್ನು ಕೆಡವಿದರು. ಕಲೂಜಾ ಕೋಟು ತೊಟ್ಟು ಎದುರಿನ ಪಾದಚಾರಿ ದಾರಿಯಲ್ಲಿ ನಿಂತು, ಕೊನೆಯ ಇಟ್ಟಿಗೆಯವರೆಗೆ ನೋಡಿದರು. ಅಷ್ಟರಲ್ಲಿ ಸಭೆಯ ಸಂಗತಿ ಪತ್ರಿಕೆಯಲ್ಲಿ ಬಂದು, ಅಲ್ಲಿಂದ ಬರ್ಲಿನ್ನಿನ ಪತ್ರಿಕೆಯೊಂದಕ್ಕೂ ಹಾರಿತ್ತು. ಬಸ್ ನಿಲ್ದಾಣದ ಪಕ್ಕದಲ್ಲಿ, ಚಕ್ರದ ಗಾಡಿಯೊಂದರಲ್ಲಿ ಎರಡು ಕಾವಲಿಗಳನ್ನೂ ತಗಡಿನ ಗೋಡೆಯನ್ನೂ ಕೂರಿಸಿ ಹೊಸದಾಗಿ ಆರಂಭಿಸಿದ ಎರಡನೆಯ ವಾರ, ಬೂದುಬಣ್ಣದ ಟೋಪಿಯ, ಚುರುಕು ಕಣ್ಣಿನ ಮುದುಕಿಯೊಬ್ಬರು ಸಾಲಿನಲ್ಲಿ ಬಂದು ನಿಂತರು.

"ತೊಗಲಿಲ್ಲದ್ದು ಇದೆಯೇನ್ರೀ?" ಎಂದರು ಅವರು, ಅಪ್ಪಟ ಬರ್ಲಿನ್ ರಾಗದಲ್ಲಿ.

ಕಲೂಜಾ ಚಾಕು ಕೆಳಗಿಟ್ಟರು. "ಕೇಳಿಲ್ಲಿ" ಎಂದು ಆರಂಭಿಸಿದವರು, ಆ ಮುಖವನ್ನು ಎಂದಿನಂತೆ ಒಂದು ಕ್ಷಣ ದಿಟ್ಟಿಸಿ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಅದೇ ಅಗಲ ಹಣೆ, ಅದೇ ತುಂಟ ತುಟಿ.

"ಉರ್ಸುಲಾ. ಲೋಟರ್ ತಂಗಿ" ಎಂದರು ಮುದುಕಿ. "ನಮಗೆ ಬಂದಿದ್ದು ಒಂದೇ ಒಂದು ತಂತಿ. ಗಡಿ ದಾಟೋಕ್ಕೆ ಬಿಡ್ಲಿಲ್ಲ. ಅವನು ಇಲ್ಲಿ ಒಬ್ಬಂಟಿಯಾಗಿದ್ದ ಅಂತಲೇ ಅಮ್ಮ ಕೊನೇವರೆಗೂ ಅಳ್ತಿದ್ಲು."

"ಒಬ್ಬಂಟಿ? ಅವನಾ? ಅವನ ಬಾಯಿ ಮುಚ್ಚಿಸೋಕ್ಕೆ ನಾಲ್ಕು ಜನ ಬೇಕಿತ್ತು!"

ಕಲೂಜಾ ಸಾಸೇಜು ಹುರಿದರು, ತುಂಡರಿಸಿದರು, ದೊನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಉರ್ಸುಲಾ ಮರದ ಪುಟ್ಟ ಫೋರ್ಕಿನಲ್ಲಿ ಒಂದು ತುಂಡನ್ನು ಚುಚ್ಚಿ, ನಿಧಾನವಾಗಿ ಅಗಿದರು. ಸಾಲಿನವರೆಲ್ಲ ಕಾದರು.

"ಗೊಜ್ಜು ಅವನದೇ" ಎಂದರು ಕೊನೆಗೆ, ಕಣ್ಣು ಒದ್ದೆಯಾಗಿತ್ತು. "ಆದ್ರೆ ಈ ತೊಗಲು! ಕಾಲ್ಮೆಟ್ಟು ಅಗಿದ ಹಾಗಿದೆ. ಯುದ್ಧ ಮುಗಿದ್ಮೇಲೆ ನಮ್ಮ ಕಡೆ ತೊಗಲೇ ಸಿಗ್ತಿರ್ಲಿಲ್ಲ, ಹಾಗೇ ಬೇಯಿಸೋದು ಕಲಿತ್ವಿ. ಆಮೇಲೆ ಸಿಕ್ಕಿದ್ರೂ ಯಾರಿಗೂ ಬೇಡವಾಯ್ತು. ಅಷ್ಟು ಚೆನ್ನಾಗಿತ್ತು ಅದು."

"ಹಲ್ಲಿಲ್ದೋರ ತಿಂಡಿ ಅದು."

"ನನ್ನ ಹಲ್ಲು ಮೂವತ್ತೆರಡೂ ಇವೆ. ನಿಮ್ಮದೆಷ್ಟು?"

ಸಾಲು ಘೊಳ್ಳೆಂದು ನಕ್ಕಿತು. ನಲವತ್ತೇಳು ವರ್ಷಗಳ ಮೇಲೆ ಆ ಜಗಳಕ್ಕೆ ಎದುರುಪಕ್ಷ ಸಿಕ್ಕಿತ್ತು. ಅದು ಮಧ್ಯಾಹ್ನವಿಡೀ ನಡೆಯಿತು. ಮರುದಿನ ಲೋಟರ್ ಮಲಗಿರುವ ಸ್ಮಶಾನಕ್ಕೆ ಹೋಗುವ ದಾರಿಯಲ್ಲಿಯೂ ನಡೆಯಿತೆಂದು, ಜೊತೆಗೆ ಹೋಗಿದ್ದ ಎನ್ನೆ ಹೇಳುತ್ತಿದ್ದರು. ಕಲೂಜಾ ಆಮೇಲೆ ಆರು ವರ್ಷ ಆ ಗಾಡಿಯಲ್ಲಿ ನಿಂತರು. ಪ್ರತಿ ವಸಂತದಲ್ಲಿಯೂ ಉರ್ಸುಲಾ ಬಂದರು. ಒಬ್ಬರೂ ಸೋಲಲಿಲ್ಲ.

ಪ್ರತಿಯೊಂದು ಊರಿಗೂ ತಾನು ಮೊದಲನೆಯದೆನಿಸಿಕೊಳ್ಳುವ ಆಸೆ ಇರುತ್ತದೆ; ಅದಕ್ಕಾಗಿ ಊರುಗಳು ಕಲ್ಲು ನೆಡುತ್ತವೆ, ತಾರೀಕು ತಿದ್ದುತ್ತವೆ. ಆದರೆ ಅನ್ನವೆಂಬುದು ಯಾವ ಊರಿನಲ್ಲಿಯೂ ಕುಳಿತು ಹುಟ್ಟಿದ್ದಲ್ಲ. ಅದು ಓಡಿಬಂದವರ ಜೋಳಿಗೆಯಲ್ಲಿ, ಕೆಲಸ ಹುಡುಕಿ ಬಂದವರ ನಾಲಗೆಯ ನೆನಪಿನಲ್ಲಿ ಊರಿಂದೂರಿಗೆ ನಡೆದು ಬಂದದ್ದು. ಬಂದದ್ದನ್ನು ಕೈಚಾಚಿ ತೆಗೆದುಕೊಂಡು, ದಿನವೂ ನಿನ್ನೆಗಿಂತ ಕೆಡದ ಹಾಗೆ ಮಾಡಿ, ಯಾರಿಂದ ಪಡೆದೆನೆಂಬುದನ್ನು ಮರೆಯದೆ, ಹಸಿದು ಬಂದವನ ಮುಖ ನೋಡಿ ಬಡಿಸುವವರು ಎಲ್ಲ ಸೀಮೆಗಳಲ್ಲಿಯೂ ಒಬ್ಬಿಬ್ಬರು ಇರುತ್ತಾರೆ. ತಮ್ಮದಲ್ಲದ ಕೀರ್ತಿಯನ್ನು ಬೇಡವೆನ್ನುವಷ್ಟು ಸಿರಿವಂತಿಕೆ ಅವರಿಗೆ ಇರುತ್ತದೆ. ಅಂಥವರ ಅಭಿಮಾನದ ನೆರಳಿನಲ್ಲಿ ನಿಂತು ತಿಂದ ಊರು, ಚರಿತ್ರೆಯಲ್ಲಿ ಎರಡನೆಯದಾದರೂ, ಮೂರನೆಯದಾದರೂ, ತಲೆ ಎತ್ತಿಯೇ ನಡೆಯುತ್ತದೆ.